ಜೊನಾಥನ್ ಹಚಿನ್ಸನ್

ಸರ್ ಜೊನಾಥನ್ ಹಚಿನ್ಸನ್ (23 ಜುಲೈ 1828 – 23 ಜೂನ್ 1913) ಇಂಗ್ಲೆಂಡಿನ ಪ್ರಸಿದ್ಧ ಶಸ್ತ್ರವೈದ್ಯರು, ಚರ್ಮರೋಗ ತಜ್ಞರು ಹಾಗೂ ವೈದ್ಯಕೀಯ ಬೋಧಕರು. ಜನ್ಮಜಾತ ಸಿಫಿಲಿಸ್ ರೋಗದ ಲಕ್ಷಣಗಳನ್ನು ಗುರುತಿಸಿದವರೆಂದು ಅವರ ಹೆಸರು ವೈದ್ಯಕೀಯ ಪಠ್ಯಪುಸ್ತಕಗಳಲ್ಲಿ ಉಳಿದಿದೆ. ಸೋರಿಯಾಸಿಸ್ ಎಂಬ ದೀರ್ಘಕಾಲದ ಚರ್ಮರೋಗಕ್ಕೆ ವರ್ಷಗಟ್ಟಲೆ ಆರ್ಸೆನಿಕ್ ಔಷಧ ಸೇವಿಸಿದವರಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಳ್ಳುವುದನ್ನು 1887–88ರಲ್ಲಿ ಅವರು ವರದಿ ಮಾಡಿದರು. ಆ ಕ್ಯಾನ್ಸರಿಗೆ ಕಾರಣ ರೋಗವಲ್ಲ, ರೋಗಕ್ಕೆ ಕೊಟ್ಟ ಔಷಧ ಎಂಬ ಅವರ ನಿರ್ಣಯ ಮುಂದೆ ಸರಿಯೆಂದು ಸಿದ್ಧವಾಯಿತು. ಕುಷ್ಠರೋಗಕ್ಕೆ ಮೀನಿನ ಆಹಾರವೇ ಕಾರಣವೆಂಬ ಅವರ ಮತ್ತೊಂದು ವಾದ ತಪ್ಪೆಂದು ತಿಳಿದುಬಂದಿತು.

ಬಾಲ್ಯ ಮತ್ತು ಶಿಕ್ಷಣ

ಹಚಿನ್ಸನ್ ಜನಿಸಿದ್ದು ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸೆಲ್ಬಿ ಎಂಬ ಪಟ್ಟಣದಲ್ಲಿ. ತಂದೆಯ ಹೆಸರೂ ಜೊನಾಥನ್ ಹಚಿನ್ಸನ್ ಎಂದೇ. ಅವರು ಅಗಸೆ ನಾರಿನ ವ್ಯಾಪಾರಿ. ಕುಟುಂಬವು ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿತ್ತು. ಸರಳ ಉಡುಗೆ, ಮಿತವಾದ ಮಾತು, ಆಡಂಬರವಿಲ್ಲದ ಆರಾಧನೆ ಮತ್ತು ಸತ್ಯನಿಷ್ಠೆ ಈ ಪಂಥದ ಮುಖ್ಯ ಗುಣಗಳು. ಹಚಿನ್ಸನ್ ಮುಂದೆ ಪಂಥದ ಕಟ್ಟುಪಾಡುಗಳಿಂದ ದೂರ ಸರಿದರೂ ಆ ಸಂಸ್ಕಾರದ ಗುರುತು ಅವರ ಬದುಕಿನಲ್ಲಿ ಕೊನೆಯವರೆಗೂ ಉಳಿಯಿತು.

ಆ ಕಾಲದ ರೂಢಿಯಂತೆ ಅವರು ಹದಿಹರೆಯದಲ್ಲಿಯೇ ಯಾರ್ಕ್ ನಗರದ ವೈದ್ಯ ಕೇಲಬ್ ವಿಲಿಯಮ್ಸ್ ಅವರ ಬಳಿ ಶಿಷ್ಯವೃತ್ತಿಗೆ ಸೇರಿದರು. ಜೊತೆಜೊತೆಗೆ ಯಾರ್ಕ್ ವೈದ್ಯಶಾಲೆಯ ಪಾಠಗಳನ್ನೂ ಕೇಳಿದರು. ಅಲ್ಲಿ ಬೋಧಿಸುತ್ತಿದ್ದ ಥಾಮಸ್ ಲೇಕಾಕ್, ರೋಗಿಯ ಮುಖ, ಮೈಬಣ್ಣ, ಹಲ್ಲು, ಉಗುರುಗಳನ್ನು ಗಮನವಿಟ್ಟು ನೋಡಿದರೆ ರೋಗದ ಸುಳಿವು ಸಿಗುತ್ತದೆಂದು ವಿದ್ಯಾರ್ಥಿಗಳಿಗೆ ಕಲಿಸಿದರು. ಈ ಪಾಠ ಹಚಿನ್ಸನ್ ಅವರ ಜೀವನಕ್ರಮವನ್ನೇ ರೂಪಿಸಿತೆನ್ನಬಹುದು. ನಂತರ ಅವರು ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯಲ್ಲಿ ಹೆಸರಾಂತ ಶಸ್ತ್ರವೈದ್ಯ ಜೇಮ್ಸ್ ಪೇಜೆಟ್ ಅವರ ಕೈಕೆಳಗೆ ಕಲಿತು, 1850ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಸದಸ್ಯತ್ವ ಪಡೆದರು.

ಲಂಡನ್ನಿನಲ್ಲಿ ವೃತ್ತಿಜೀವನ

ವೃತ್ತಿಯ ಮೊದಲ ವರ್ಷಗಳಲ್ಲಿ ಅವರು ವೈದ್ಯಕೀಯ ಪತ್ರಿಕೆಗಳಿಗೆ ಬರೆದು ಜೀವನ ನಡೆಸಿದರು. ಲಂಡನ್ನಿನ ಆಸ್ಪತ್ರೆಗಳನ್ನು ಸುತ್ತಿ, ಅಲ್ಲಿ ಕಂಡ ರೋಗಿಗಳ ವಿವರಗಳನ್ನು ವರದಿ ಮಾಡುವುದು ಅವರ ಕೆಲಸವಾಗಿತ್ತು. ಒಂದೊಂದು ರೋಗಿಯ ವಿವರವನ್ನೂ ದಾಖಲಿಸಿಟ್ಟುಕೊಂಡು, ವರ್ಷಗಳ ನಂತರ ಅದಕ್ಕೆ ಹೋಲುವ ಇನ್ನೊಂದನ್ನು ಕಂಡಾಗ ಎರಡನ್ನೂ ಪಕ್ಕದಲ್ಲಿಟ್ಟು ನೋಡುವ ಅಭ್ಯಾಸ ಅವರಿಗೆ ಆಗಲೇ ಬೆಳೆಯಿತು. 1856ರಲ್ಲಿ ಜೇನ್ ಪಿನ್ಸೆಂಟ್ ವೆಸ್ಟ್ ಅವರೊಡನೆ ವಿವಾಹವಾಯಿತು. ಈ ದಂಪತಿಗಳದು ಹಲವು ಮಕ್ಕಳ ತುಂಬು ಸಂಸಾರ. ಪತ್ನಿ 1887ರಲ್ಲಿ ತೀರಿಕೊಂಡರು.

1859ರಲ್ಲಿ ಹಚಿನ್ಸನ್ ಲಂಡನ್ ಆಸ್ಪತ್ರೆಯ ಸಹಾಯಕ ಶಸ್ತ್ರವೈದ್ಯರಾದರು. 1863ರಿಂದ 1883ರವರೆಗೆ ಅಲ್ಲಿ ಪೂರ್ಣ ಶಸ್ತ್ರವೈದ್ಯರಾಗಿದ್ದರು. ಮೂರ್‌ಫೀಲ್ಡ್ಸ್ ಕಣ್ಣಿನ ಆಸ್ಪತ್ರೆಯಲ್ಲಿಯೂ ಬ್ಲ್ಯಾಕ್‌ಫ್ರಯರ್ಸ್ ಪ್ರದೇಶದ ಚರ್ಮರೋಗ ಆಸ್ಪತ್ರೆಯಲ್ಲಿಯೂ ಸೇವೆ ಸಲ್ಲಿಸಿದರು. ಕಣ್ಣು, ಚರ್ಮ, ನರ ಮತ್ತು ಶಸ್ತ್ರಚಿಕಿತ್ಸೆ ಎಂಬ ನಾಲ್ಕು ವಿಭಾಗಗಳಲ್ಲಿಯೂ ಪರಿಣತಿ ಹೊಂದಿದ್ದುದು ಅವರ ವೈಶಿಷ್ಟ್ಯ. 1871ರಲ್ಲಿ, ಕರುಳಿನ ಒಂದು ಭಾಗ ಮತ್ತೊಂದರೊಳಗೆ ತೂರಿಕೊಂಡು ಸಿಲುಕಿದ್ದ ಎರಡು ವರ್ಷದ ಮಗುವಿಗೆ ಹೊಟ್ಟೆ ತೆರೆದು ಶಸ್ತ್ರಚಿಕಿತ್ಸೆ ಮಾಡಿ ಬದುಕಿಸಿದರು. ಈ ತೊಂದರೆಗೆ ಮಾಡಿದ ಯಶಸ್ವಿ ಶಸ್ತ್ರಚಿಕಿತ್ಸೆಗಳಲ್ಲಿ ಇದು ಮೊದಮೊದಲನೆಯದು.

ಮುಂದೆ ನರವಿಜ್ಞಾನದ ಪಿತಾಮಹರಲ್ಲಿ ಒಬ್ಬರೆನಿಸಿದ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಕೂಡ ಯಾರ್ಕ್‌ಷೈರಿನವರು, ಯಾರ್ಕ್ ವೈದ್ಯಶಾಲೆಯಲ್ಲಿ ಕಲಿತವರು. ಜಾಕ್ಸನ್ ವೈದ್ಯವೃತ್ತಿಯನ್ನು ಬಿಟ್ಟು ತತ್ತ್ವಶಾಸ್ತ್ರದ ಕಡೆಗೆ ಹೊರಳಲು ಯೋಚಿಸಿದ್ದಾಗ ಅವರ ಮನವೊಲಿಸಿ ವೃತ್ತಿಯಲ್ಲಿಯೇ ಉಳಿಸಿದವರು ಹಚಿನ್ಸನ್.

ಜನ್ಮಜಾತ ಸಿಫಿಲಿಸ್

ತಾಯಿಯಿಂದ ಗರ್ಭದಲ್ಲಿಯೇ ಸಿಫಿಲಿಸ್ ಸೋಂಕು ಪಡೆದ ಮಕ್ಕಳ ರೋಗವನ್ನು ಗುರುತಿಸುವುದು ಆ ದಿನಗಳಲ್ಲಿ ಕಷ್ಟವಾಗಿತ್ತು. ರಕ್ತಪರೀಕ್ಷೆ ಇನ್ನೂ ಬಂದಿರಲಿಲ್ಲ. ರೋಗಾಣುವೂ ಪತ್ತೆಯಾಗಿರಲಿಲ್ಲ. ಅಂಥ ಮಕ್ಕಳಲ್ಲಿ ಮೇಲಿನ ಮುಂಬಾಚಿ ಹಲ್ಲುಗಳು ಮೊಟುಕಾಗಿ, ಅಂಚಿನಲ್ಲಿ ಕಚ್ಚು ಬಿದ್ದಿರುವುದನ್ನು ಹಚಿನ್ಸನ್ ಗಮನಿಸಿದರು. ಈ ಹಲ್ಲುಗಳು, ಕಣ್ಣಿನ ಪಾರದರ್ಶಕ ಪಟಲದ ಉರಿಯೂತ ಮತ್ತು ಕಿವುಡುತನ, ಈ ಮೂರನ್ನು ಒಟ್ಟಾಗಿ ಹಚಿನ್ಸನ್ ತ್ರಿಲಕ್ಷಣ ಎಂದು ಕರೆಯಲಾಗುತ್ತದೆ. ಈ ಕುರಿತ ಅವರ ಗ್ರಂಥ 1863ರಲ್ಲಿ ಪ್ರಕಟವಾಯಿತು.

ದೇವಿ ಹಾಕುವಿಕೆಯ ಪ್ರಶ್ನೆ

ಸಿಡುಬು ತಡೆಯಲು ದೇವಿ ಹಾಕುವ ಕ್ರಮ ಆಗ ಇಂಗ್ಲೆಂಡಿನಲ್ಲಿ ಕಡ್ಡಾಯವಾಗಿತ್ತು. ದೇವಿ ಹಾಕಿದ ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುವುದು ಸಾಮಾನ್ಯ ಪದ್ಧತಿಯಾಗಿತ್ತು. ರಸ ಕೊಟ್ಟ ಮಗುವಿಗೆ ಸಿಫಿಲಿಸ್ ಇದ್ದರೆ ಅದು ಪಡೆದವರಿಗೂ ಹರಡಬಹುದೆಂಬ ಆರೋಪವನ್ನು ಬಹುಮಂದಿ ವೈದ್ಯರು ತಳ್ಳಿಹಾಕುತ್ತಿದ್ದರು. ಒಪ್ಪಿಕೊಂಡರೆ ದೇವಿ ಹಾಕುವುದನ್ನೇ ವಿರೋಧಿಸುವವರ ಕೈಗೆ ಅಸ್ತ್ರ ಕೊಟ್ಟಂತಾಗುತ್ತದೆಂಬ ಭಯವೂ ಇತ್ತು.

ಹಚಿನ್ಸನ್ 1871ರಲ್ಲಿ ಹೀಗೆ ರೋಗ ತಗುಲಿದ ಪ್ರಕರಣಗಳನ್ನು ಲಂಡನ್ನಿನ ವೈದ್ಯರ ಸಭೆಯ ಮುಂದೆ ಇಟ್ಟರು. ಅವರು ದೇವಿ ಹಾಕುವಿಕೆಯ ವಿರೋಧಿಯಾಗಿರಲಿಲ್ಲ, ಕೊನೆಯವರೆಗೂ ಅದರ ಬೆಂಬಲಿಗರಾಗಿಯೇ ಇದ್ದರು. ಉಪಯುಕ್ತವಾದ ಚಿಕಿತ್ಸೆಯಿಂದಲೂ ಹಾನಿಯಾಗಬಹುದು, ಆ ಹಾನಿಯನ್ನು ಮುಚ್ಚಿಡುವುದರಿಂದ ಚಿಕಿತ್ಸೆಗೇ ಕೆಟ್ಟ ಹೆಸರು ಬರುತ್ತದೆ ಎಂಬುದು ಅವರ ನಿಲುವಾಗಿತ್ತು. 1889ರಲ್ಲಿ ಆರಂಭವಾದ ರಾಜ ಆಯೋಗಕ್ಕೆ ಅವರೂ ಸದಸ್ಯರಾದರು. 1898ರ ಕಾನೂನಿನ ಬಳಿಕ ತೋಳಿನಿಂದ ತೋಳಿಗೆ ದೇವಿ ಹಾಕುವ ಪದ್ಧತಿ ಇಂಗ್ಲೆಂಡಿನಲ್ಲಿ ನಿಂತು, ಕರುವಿನಿಂದ ತೆಗೆದ ರಸ ಬಳಕೆಗೆ ಬಂದಿತು.

ಸೋರಿಯಾಸಿಸ್ ಮತ್ತು ಆರ್ಸೆನಿಕ್ ಚಿಕಿತ್ಸೆ

ಸೋರಿಯಾಸಿಸ್ ದೀರ್ಘಕಾಲ ಕಾಡುವ ಉರಿಯೂತದ ಚರ್ಮರೋಗ. ಮೊಣಕೈ, ಮೊಣಕಾಲು, ನೆತ್ತಿ, ಬೆನ್ನುಗಳ ಮೇಲೆ ಕೆಂಪು ದಡಿಕೆಗಳೆದ್ದು ಅವುಗಳ ಮೇಲೆ ಬೆಳ್ಳಿಬಣ್ಣದ ಹೊಟ್ಟು ಕಟ್ಟುತ್ತದೆ. ಆರೋಗ್ಯವಂತರಲ್ಲಿ ಸುಮಾರು ನಾಲ್ಕು ವಾರಗಳಲ್ಲಿ ನಡೆಯುವ ಹೊರಚರ್ಮದ ಹೊಸಹುಟ್ಟು ಈ ರೋಗದಲ್ಲಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಇದು ಅಂಟುರೋಗವಲ್ಲ. ಆದರೆ ಒಮ್ಮೆ ತಗ್ಗಿದಂತೆ ಕಂಡು ಮತ್ತೆ ಮರಳುವುದು ಇದರ ಸ್ವಭಾವ. ಹತ್ತೊಂಬತ್ತನೆಯ ಶತಮಾನದಲ್ಲಿ ಇದಕ್ಕೆ ಒಳಗೆ ಕೊಡುವ ಔಷಧಗಳಲ್ಲಿ ಮುಖ್ಯವಾದುದು ಆರ್ಸೆನಿಕ್, ಅಂದರೆ ನಮ್ಮಲ್ಲಿ ಪಾಷಾಣವೆಂದು ಹೆಸರಾದ ವಿಷ.

ಇಂಗ್ಲೆಂಡಿನ ವೈದ್ಯ ಥಾಮಸ್ ಫೌಲರ್ 1786ರಲ್ಲಿ ಪ್ರಚಾರಕ್ಕೆ ತಂದ ಫೌಲರ್ ದ್ರಾವಣದಲ್ಲಿ ಶೇಕಡ ಒಂದರಷ್ಟು ಆರ್ಸೆನಿಕ್ ಇರುತ್ತಿತ್ತು. ನೀರೆಂದು ತಿಳಿದು ಯಾರೂ ಕುಡಿದುಬಿಡದಿರಲೆಂದು ಅದಕ್ಕೆ ಲ್ಯಾವೆಂಡರ್ ಪರಿಮಳ ಸೇರಿಸುತ್ತಿದ್ದರು. ಮಲೇರಿಯ ಜ್ವರ, ಉಬ್ಬಸ, ರಕ್ತಹೀನತೆ, ಚರ್ಮರೋಗ ಹೀಗೆ ಹತ್ತುಹಲವು ಕಾಯಿಲೆಗಳಿಗೆ ಅದನ್ನು ಹನಿ ಲೆಕ್ಕದಲ್ಲಿ ಕೊಡಲಾಗುತ್ತಿತ್ತು. ಸೋರಿಯಾಸಿಸ್ ಮರುಕಳಿಸುವ ರೋಗವಾದ್ದರಿಂದ ಅದರ ರೋಗಿಗಳು ಈ ಔಷಧವನ್ನು ವರ್ಷಗಟ್ಟಲೆ ಸೇವಿಸುವುದು ಸಾಮಾನ್ಯವಾಗಿತ್ತು. ಪರಿಣಾಮ ಕಣ್ಣಿಗೆ ಕಾಣುತ್ತಿದ್ದುದರಿಂದ ರೋಗಿಗೂ ವೈದ್ಯರಿಗೂ ಅದರ ಮೇಲೆ ನಂಬಿಕೆಯಿತ್ತು.

ಹಚಿನ್ಸನ್ ತಾವೇ ಆರ್ಸೆನಿಕ್ ಔಷಧವನ್ನು ಧಾರಾಳವಾಗಿ ಬಳಸುತ್ತಿದ್ದವರು. ಮೈಮೇಲೆ ನೀರ್ಗುಳ್ಳೆಗಳೇಳುವ ಪೆಂಫಿಗಸ್ ರೋಗಕ್ಕೆ ಅದು ಒಳ್ಳೆಯ ಔಷಧವೆಂದು ಅವರು ನಂಬಿದ್ದರು. ಆದರೂ ಆರ್ಸೆನಿಕ್ ಸೇವಿಸುವವರಲ್ಲಿ ಕೆಲವರಿಗೆ ಸರ್ಪಸುತ್ತು ಏಳುವುದನ್ನು ಅವರು 1868ರಲ್ಲಿಯೇ ಗುರುತಿಸಿ ಬರೆದಿದ್ದರು. ತಾವು ಕೊಡುವ ಔಷಧವನ್ನೂ ಸಂಶಯದಿಂದ ನೋಡಬಲ್ಲ ಗುಣ ಅವರಲ್ಲಿತ್ತು.

ಆರ್ಸೆನಿಕ್ ಕ್ಯಾನ್ಸರ್

ಹೊರಗಿನ ವಸ್ತುವೊಂದು ಚರ್ಮದ ಕ್ಯಾನ್ಸರಿಗೆ ಕಾರಣವಾಗಬಹುದೆಂಬ ವಿಚಾರ ಆಗ ತೀರ ಹೊಸದಾಗಿರಲಿಲ್ಲ. ಹೊಗೆಗೂಡು ಗುಡಿಸುವ ಹುಡುಗರಿಗೆ ಮಸಿಯಿಂದ ವೃಷಣಚೀಲದ ಕ್ಯಾನ್ಸರ್ ಬರುವುದನ್ನು ಪರ್ಸಿವಲ್ ಪಾಟ್ 1775ರಲ್ಲಿ ವರ್ಣಿಸಿದ್ದರು. ಆದರೆ ವೈದ್ಯರೇ ಬರೆದುಕೊಟ್ಟು, ಬಾಯಿಯ ಮೂಲಕ ಸೇವಿಸಿದ ಔಷಧವೊಂದು ವರ್ಷಗಳ ಬಳಿಕ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟಿಸಬಹುದೆಂಬುದನ್ನು ಯಾರೂ ಸ್ಪಷ್ಟವಾಗಿ ಹೇಳಿರಲಿಲ್ಲ.

ಅಮೆರಿಕದ ಬಾಸ್ಟನ್ನಿನ ಪ್ರಸಿದ್ಧ ಚರ್ಮರೋಗ ತಜ್ಞ ಜೇಮ್ಸ್ ಕ್ಲಾರ್ಕ್ ವೈಟ್ 1885ರಲ್ಲಿ ಒಂದು ಲೇಖನ ಪ್ರಕಟಿಸಿದರು. ಸೋರಿಯಾಸಿಸ್ ಇದ್ದವರಲ್ಲಿ ಮೊದಲು ನರೂಲಿಯಂಥ ಗಂಟುಗಳೆದ್ದು, ಆಮೇಲೆ ಅವು ಕ್ಯಾನ್ಸರ್ ಆಗಿ ಬದಲಾಗುವುದನ್ನು ಅವರು ಅದರಲ್ಲಿ ವರ್ಣಿಸಿದ್ದರು. ಸೋರಿಯಾಸಿಸ್, ನರೂಲಿ, ಕ್ಯಾನ್ಸರ್, ಈ ಮೂರೂ ಒಂದರಿಂದೊಂದು ಬೆಳೆಯುವ ಹಂತಗಳೆಂಬುದು ಅವರ ವಿವರಣೆಯಾಗಿತ್ತು. ದೀರ್ಘಕಾಲ ಕೆರಳಿದ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುತ್ತದೆಂಬುದು ಆ ಕಾಲದ ವೈದ್ಯರಿಗೆ ಪರಿಚಿತವಾದ ವಿಚಾರವೇ. ಹಳೆಯ ಸುಟ್ಟಗಾಯದ ಕಲೆಗಳಲ್ಲಿ, ಮಾಯದ ಹುಣ್ಣುಗಳಲ್ಲಿ, ಚರ್ಮದ ಕ್ಷಯದಲ್ಲಿ ಹಾಗಾಗುವುದನ್ನು ಅವರು ಕಂಡಿದ್ದರು. ಆದ್ದರಿಂದ ವೈಟ್ ಅವರ ವಿವರಣೆ ಸಹಜವಾಗಿಯೇ ತೋರುತ್ತಿತ್ತು.

ಹಚಿನ್ಸನ್ ಇಂಥ ಪ್ರಕರಣಗಳನ್ನು ಬೇರೆ ಬಗೆಯಲ್ಲಿ ಓದಿದರು. ಸೋರಿಯಾಸಿಸ್ ರೋಗಿಗಳನ್ನು ಅವರು ಅಸಂಖ್ಯವಾಗಿ ನೋಡಿದ್ದರು. ಇಡೀ ಜೀವಮಾನ ಈ ರೋಗದಿಂದ ನರಳಿದವರಲ್ಲಿಯೂ ದಡಿಕೆಗಳು ಸಾಮಾನ್ಯವಾಗಿ ಕ್ಯಾನ್ಸರ್ ಆಗುತ್ತಿರಲಿಲ್ಲ. ಕ್ಯಾನ್ಸರ್ ಬಂದ ಕೆಲವರಲ್ಲಿ ಮಾತ್ರ ಅಂಗೈ ಅಂಗಾಲುಗಳ ಚರ್ಮ ಒರಟಾಗಿ, ಆಣಿಯಂಥ ಗಟ್ಟಿ ಗಂಟುಗಳೆದ್ದಿದ್ದವು. ಇದು ಸೋರಿಯಾಸಿಸ್ ರೋಗದ ಸಾಮಾನ್ಯ ಲಕ್ಷಣವಾಗಿರಲಿಲ್ಲ. ಕ್ಯಾನ್ಸರ್ ಹುಟ್ಟಿದ್ದು ಇಂಥ ಗಂಟುಗಳಿಂದ. ಮತ್ತು ಈ ರೋಗಿಗಳೆಲ್ಲರೂ ದೀರ್ಘಕಾಲ ಆರ್ಸೆನಿಕ್ ಸೇವಿಸಿದವರಾಗಿದ್ದರು.

ಹೀಗೆ ಆಣಿಗಂಟುಗಳಿಗೂ ಕ್ಯಾನ್ಸರಿಗೂ ಆರ್ಸೆನಿಕ್ ಔಷಧವೇ ಮೂಲವೆಂಬ ತೀರ್ಮಾನಕ್ಕೆ ಅವರು ಬಂದರು. 1887ರಲ್ಲಿ ಈ ವಿಷಯವನ್ನು ಪ್ರಕಟಿಸಿ, 1888ರಲ್ಲಿ ಲಂಡನ್ನಿನ ರೋಗಶಾಸ್ತ್ರ ಸಂಘದ ಪತ್ರಿಕೆಯಲ್ಲಿ ಪ್ರಕರಣಗಳ ವಿವರ ಸಹಿತ ಮಂಡಿಸಿದರು. ಆರ್ಸೆನಿಕ್ ಕೆರಟೋಸಿಸ್ ಮತ್ತು ಆರ್ಸೆನಿಕ್ ಕ್ಯಾನ್ಸರ್ ಎಂಬ ಹೆಸರುಗಳು ಅಲ್ಲಿಂದ ಬಳಕೆಗೆ ಬಂದವು.

ಈ ನಿರ್ಣಯ ಅನೇಕರಿಗೆ ಒಪ್ಪಿಗೆಯಾಗಲಿಲ್ಲ. ಪ್ರಕರಣಗಳು ಕೆಲವೇ ಇದ್ದವು, ಆದರೆ ಆರ್ಸೆನಿಕ್ ಸೇವಿಸಿಯೂ ಏನೂ ಆಗದವರು ಸಾವಿರಾರು ಮಂದಿ. ಔಷಧ ನಿಲ್ಲಿಸಿದ ಎಷ್ಟೋ ವರ್ಷಗಳ ಮೇಲೆ ಕ್ಯಾನ್ಸರ್ ಕಾಣಿಸಿಕೊಳ್ಳುತ್ತಿದ್ದುದರಿಂದ ಕಾರ್ಯಕಾರಣ ಸಂಬಂಧ ಎದ್ದು ಕಾಣುತ್ತಿರಲಿಲ್ಲ. ಪ್ರಾಣಿಗಳ ಮೇಲಿನ ಪ್ರಯೋಗಗಳೂ ಬಹುಕಾಲ ಸ್ಪಷ್ಟ ಫಲ ಕೊಡಲಿಲ್ಲ. ಫೌಲರ್ ದ್ರಾವಣ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೂ ಔಷಧದ ಅಂಗಡಿಗಳಲ್ಲಿ ಉಳಿದುಕೊಂಡಿತು.

ಇತರ ಚರ್ಮರೋಗ ವರ್ಣನೆಗಳು

ಚರ್ಮದ ಕ್ಯಾನ್ಸರಿಗೆ ಸಂಬಂಧಿಸಿದ ಇನ್ನೆರಡು ವರ್ಣನೆಗಳು ಹಚಿನ್ಸನ್ ಹೆಸರಿನಲ್ಲಿವೆ. ಉಗುರುಸುತ್ತಿನಂತೆ ತೋರುವ, ಆದರೆ ಉಗುರಿನ ಅಂಚಿನ ಚರ್ಮಕ್ಕೆ ಕಪ್ಪುಬಣ್ಣ ಹಬ್ಬಿರುವ ಗಾಯ ವಾಸ್ತವವಾಗಿ ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ಆಗಿರಬಹುದೆಂದು ಅವರು 1886ರಲ್ಲಿ ಎಚ್ಚರಿಸಿದರು. ವಯಸ್ಸಾದವರ ಮುಖದ ಮೇಲೆ ಮೆಲ್ಲಗೆ ಹರಡಿ ಕೊನೆಗೆ ಕ್ಯಾನ್ಸರ್ ಆಗಬಲ್ಲ ಕಂದು ಮಚ್ಚೆಯನ್ನೂ ಅವರು ವರ್ಣಿಸಿದರು. ಅದನ್ನು ಹಚಿನ್ಸನ್ ಮಚ್ಚೆ ಎನ್ನುತ್ತಾರೆ.

ಮುಖದ ಸರ್ಪಸುತ್ತಿನಲ್ಲಿ ಮೂಗಿನ ತುದಿಗೆ ಗುಳ್ಳೆ ಬಂದರೆ ಕಣ್ಣಿಗೂ ಅಪಾಯವಿದೆಯೆಂಬ ಸೂಚನೆ ಅವರದೇ. ಚಿಕ್ಕಂದಿನಲ್ಲಿಯೇ ಮುಪ್ಪು ಆವರಿಸುವ ಪ್ರೊಜೀರಿಯ ಎಂಬ ಅಪರೂಪದ ರೋಗವನ್ನು ಮೊದಲು ವರದಿ ಮಾಡಿದವರೂ ಅವರೇ (1886). ಇದಕ್ಕೆ ಹೇಸ್ಟಿಂಗ್ಸ್ ಗಿಲ್‌ಫರ್ಡ್ ಹೆಸರನ್ನೂ ಸೇರಿಸಿ ಹಚಿನ್ಸನ್–ಗಿಲ್‌ಫರ್ಡ್ ರೋಗವೆಂದು ಕರೆಯಲಾಗುತ್ತದೆ. ಸಾರ್ಕಾಯ್ಡೋಸಿಸ್ ರೋಗದ ಆರಂಭಿಕ ವರ್ಣನೆಗಳಲ್ಲಿಯೂ ಅವರ ಪಾಲಿದೆ.

ಕುಷ್ಠರೋಗ ಮತ್ತು ಮೀನಿನ ವಾದ

ಒಂದೊಂದೇ ಪ್ರಕರಣವನ್ನು ಕೂಡಿಸಿ ಕಾರಣ ಹುಡುಕುವ ಕ್ರಮ ಹಚಿನ್ಸನ್ ಅವರನ್ನು ದಾರಿತಪ್ಪಿಸಿದ್ದೂ ಉಂಟು. ಕುಷ್ಠರೋಗ ಕಡಲತೀರಗಳಲ್ಲಿಯೂ ನದೀತೀರಗಳಲ್ಲಿಯೂ ಹೆಚ್ಚೆಂದು ಕಂಡ ಅವರು, ಸರಿಯಾಗಿ ಉಪ್ಪು ಹಾಕದ, ಕೆಟ್ಟ ಮೀನಿನ ಸೇವನೆಯೇ ಅದಕ್ಕೆ ಕಾರಣವೆಂದು ನಂಬಿದರು. ನಾರ್ವೆಯ ಅರ್ಮಾವರ್ ಹ್ಯಾನ್ಸೆನ್ 1873ರಲ್ಲಿ ಕುಷ್ಠರೋಗದ ಬ್ಯಾಕ್ಟೀರಿಯವನ್ನು ಕಂಡುಹಿಡಿದ ಮೇಲೂ ಅವರು ವಾದವನ್ನು ಕೈಬಿಡಲಿಲ್ಲ. ಆ ರೋಗಾಣು ಮೀನಿನ ಮೂಲಕವೇ ದೇಹ ಸೇರುತ್ತದೆಂದು ಅದನ್ನು ಮಾರ್ಪಡಿಸಿಕೊಂಡರು.

ವಾದವನ್ನು ಸಮರ್ಥಿಸಲು ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರು ದಕ್ಷಿಣ ಆಫ್ರಿಕಕ್ಕೂ, 1903ರಲ್ಲಿ ಭಾರತ ಮತ್ತು ಶ್ರೀಲಂಕಾಗಳಿಗೂ ಪ್ರವಾಸ ಮಾಡಿದರು. ಮೀನು ಮುಟ್ಟದ ಸಸ್ಯಾಹಾರಿಗಳಲ್ಲಿಯೂ ಕುಷ್ಠರೋಗವಿರುವುದು ಭಾರತದಲ್ಲಿ ಎದುರಾದ ದೊಡ್ಡ ಆಕ್ಷೇಪ. ರೋಗಿಯ ಕೈಯಿಂದ ಬಂದ ಆಹಾರ ಸೇವನೆಯಿಂದ ಅವರಿಗೆ ರೋಗ ತಗುಲಿರಬೇಕೆಂದು ಅವರು ಉತ್ತರಿಸಿದರು. 1906ರಲ್ಲಿ ಈ ವಿಷಯದ ಮೇಲೆ ಗ್ರಂಥವನ್ನೂ ಪ್ರಕಟಿಸಿದರು. ವೈದ್ಯಲೋಕ ಅದನ್ನು ಒಪ್ಪಲಿಲ್ಲ.

ಎರಡು ಪ್ರಸಂಗಗಳನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಆರ್ಸೆನಿಕ್ ವಿಷಯದಲ್ಲಿ ಹಚಿನ್ಸನ್ ಪ್ರಚಲಿತ ವಿವರಣೆಗೆ ಹೊಂದದ ಲಕ್ಷಣವನ್ನು, ಅಂದರೆ ಅಂಗೈ ಅಂಗಾಲುಗಳ ಆಣಿಗಳನ್ನು, ಹಿಡಿದುಕೊಂಡು ಮುಂದೆ ಹೋದರು. ಕುಷ್ಠರೋಗದ ವಿಷಯದಲ್ಲಿ ಹೊಂದದ ಸಂಗತಿ ಎದುರಾದಾಗಲೆಲ್ಲ ತಮ್ಮ ವಾದಕ್ಕೆ ಹೊಸ ತೇಪೆ ಹಾಕಿದರು.

ಬೋಧನೆ ಮತ್ತು ವಸ್ತುಸಂಗ್ರಹಾಲಯಗಳು

ಹಚಿನ್ಸನ್ ಅಪಾರವಾಗಿ ಬರೆದರು. 1889ರಿಂದ ಹಲವು ಸಂಪುಟಗಳಲ್ಲಿ ಹೊರಬಂದ ಆರ್ಕೈವ್ಸ್ ಆಫ್ ಸರ್ಜರಿ ಎಂಬ ಪತ್ರಿಕೆಯ ಲೇಖನಗಳನ್ನು ಬಹುಮಟ್ಟಿಗೆ ಅವರೊಬ್ಬರೇ ಬರೆದರು. ಪರದೇಶದ ವೈದ್ಯಕೀಯ ಗ್ರಂಥಗಳನ್ನು ಇಂಗ್ಲಿಷಿಗೆ ತಂದ ನ್ಯೂ ಸಿಡನ್‌ಹ್ಯಾಮ್ ಸೊಸೈಟಿಯ ಕಾರ್ಯದರ್ಶಿಯಾಗಿ ದಶಕಗಳ ಕಾಲ ದುಡಿದರು. ರೋಗಲಕ್ಷಣಗಳ ಸಾವಿರಾರು ವರ್ಣಚಿತ್ರಗಳನ್ನು ಸಂಗ್ರಹಿಸಿದರು. 1899ರಲ್ಲಿ, ಈಗಾಗಲೇ ವೃತ್ತಿಯಲ್ಲಿರುವ ವೈದ್ಯರು ಬಂದು ಕಲಿಯಲೆಂದು ಲಂಡನ್ನಿನಲ್ಲಿ ಪಾಲಿಕ್ಲಿನಿಕ್ ಎಂಬ ಬೋಧನಾ ಸಂಸ್ಥೆ ಆರಂಭವಾಗಲು ಕಾರಣರಾದರು. ಅವರ ಚಿತ್ರಸಂಗ್ರಹದ ಬಹುಭಾಗ ವಿಲಿಯಂ ಆಸ್ಲರ್ ಅವರ ಪ್ರಯತ್ನದಿಂದ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯವನ್ನು ಸೇರಿತು.

ಸರ್ರೆ ಪ್ರಾಂತದ ಹ್ಯಾಸಲ್‌ಮಿಯರ್ ಎಂಬ ಊರಿನಲ್ಲಿ ಅವರಿಗೆ ಜಮೀನೂ ಮನೆಯೂ ಇದ್ದವು. 1888ರಲ್ಲಿ ಅಲ್ಲಿ ಜನಸಾಮಾನ್ಯರಿಗಾಗಿ ವಿದ್ಯಾಪ್ರಸಾರದ ವಸ್ತುಸಂಗ್ರಹಾಲಯವೊಂದನ್ನು ಸ್ಥಾಪಿಸಿದರು. ಭೂಮಿಯ ಇತಿಹಾಸ, ಪ್ರಾಣಿಸಂಕುಲ, ಮಾನವನ ನಾಗರಿಕತೆ ಇವುಗಳನ್ನು ಕಾಲಕ್ರಮದಲ್ಲಿ ಜೋಡಿಸಿ, ಹಳ್ಳಿಗರಿಗೂ ಮಕ್ಕಳಿಗೂ ತಾವೇ ಉಪನ್ಯಾಸ ಕೊಡುತ್ತಿದ್ದರು. ಈ ಸಂಗ್ರಹಾಲಯ ಇಂದಿಗೂ ನಡೆಯುತ್ತಿದೆ.

ಗೌರವಗಳು ಮತ್ತು ಕೊನೆಯ ದಿನಗಳು

1882ರಲ್ಲಿ ಅವರು ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು. 1889ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಅಧ್ಯಕ್ಷರಾದರು. 1908ರಲ್ಲಿ ಸರ್ ಪದವಿ ದೊರೆಯಿತು. 1913ರ ಜೂನ್ 23ರಂದು, ಎಂಬತ್ತೈದು ವರ್ಷ ತುಂಬಲು ಒಂದು ತಿಂಗಳಿರುವಾಗ, ಹ್ಯಾಸಲ್‌ಮಿಯರಿನ ತಮ್ಮ ಮನೆಯಲ್ಲಿ ನಿಧನರಾದರು.

ನಂತರದ ಪ್ರಭಾವ

ಆರ್ಸೆನಿಕ್ ಕುರಿತ ಹಚಿನ್ಸನ್ ಅವರ ನಿರ್ಣಯಕ್ಕೆ ಅವರ ಮರಣಾನಂತರ ಪುಷ್ಟಿ ದೊರೆಯಿತು. 1947ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಔಷಧರೂಪದ ಆರ್ಸೆನಿಕ್ ಸೇವಿಸಿ ಕ್ಯಾನ್ಸರಿಗೆ ತುತ್ತಾದ 143 ಪ್ರಕರಣಗಳನ್ನು ಒಟ್ಟುಗೂಡಿಸಿತು. ಅವರಲ್ಲಿ ಬಹುಮಂದಿ ಚರ್ಮರೋಗಕ್ಕಾಗಿ, ವಿಶೇಷವಾಗಿ ಸೋರಿಯಾಸಿಸ್ ರೋಗಕ್ಕಾಗಿ ಔಷಧ ಪಡೆದವರು. ತೈವಾನಿನ ನೈಋತ್ಯ ಕರಾವಳಿಯಲ್ಲಿ ಆರ್ಸೆನಿಕ್ ಬೆರೆತ ಬಾವಿನೀರು ಕುಡಿಯುತ್ತಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆ 1968ರಲ್ಲಿ ಹೊರಬಂದಿತು. ಸೋರಿಯಾಸಿಸ್ ಸಂಬಂಧವೇ ಇಲ್ಲದ ಅಲ್ಲಿನ ಹಳ್ಳಿಗರಲ್ಲಿಯೂ ಅದೇ ಆಣಿಗಂಟುಗಳು, ಅದೇ ಚರ್ಮದ ಕ್ಯಾನ್ಸರ್ ಕಂಡುಬಂದವು. ಕಾರಣ ರೋಗವಲ್ಲ, ಆರ್ಸೆನಿಕ್ ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕಿರಲಿಲ್ಲ. ಇಂದು ಆರ್ಸೆನಿಕ್ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಜಾಗತಿಕವಾಗಿ ಅಂಗೀಕೃತವಾಗಿದೆ.

ಭಾರತದಲ್ಲಿ 1980ರ ದಶಕದಿಂದ ಪಶ್ಚಿಮ ಬಂಗಾಳದ ಕೊಳವೆಬಾವಿಗಳ ನೀರಿನಿಂದ ಇದೇ ತೊಂದರೆ ಬೆಳಕಿಗೆ ಬಂದಿತು. ಕರ್ನಾಟಕದಲ್ಲಿ ಯಾದಗಿರಿ ಜಿಲ್ಲೆಯ ಸುರಪುರ ಭಾಗದ ಕಿರದಳ್ಳಿ ತಾಂಡಾದಲ್ಲಿ, ಹಳೆಯ ಚಿನ್ನದ ಗಣಿಯ ಆಸುಪಾಸಿನ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದು ಪತ್ತೆಯಾಯಿತು. ಅಲ್ಲಿನ ನಿವಾಸಿಗಳ ಅಂಗೈ ಅಂಗಾಲುಗಳಲ್ಲಿ ಹಚಿನ್ಸನ್ ವರ್ಣಿಸಿದಂಥ ಗಂಟುಗಳನ್ನು ಸಂಶೋಧಕರು ದಾಖಲಿಸಿದ್ದಾರೆ.

ಚಿಕಿತ್ಸೆಯ ಹಾನಿಯನ್ನು ರೋಗದ ಹಾನಿಯಿಂದ ಬೇರ್ಪಡಿಸಿ ನೋಡಬೇಕೆಂಬ ಪ್ರಶ್ನೆ ಸೋರಿಯಾಸಿಸ್ ವಿಷಯದಲ್ಲಿ ಮತ್ತೆ ಎದುರಾಯಿತು. 1974ರಲ್ಲಿ ಪುವಾ ಎಂಬ ಚಿಕಿತ್ಸೆ ಬಂದಿತು. ಸೊರಾಲೆನ್ ಮಾತ್ರೆ ಕೊಟ್ಟು ಮೈಗೆ ಅತಿನೇರಳೆ ಬೆಳಕು ಹಾಯಿಸುವುದು ಅದರ ಕ್ರಮ. ದಡಿಕೆಗಳು ಬೇಗ ಮಾಯುತ್ತಿದ್ದವು. ಈ ಚಿಕಿತ್ಸೆ ಪಡೆದವರಲ್ಲಿ ಚರ್ಮದ ಕ್ಯಾನ್ಸರ್ ಹೆಚ್ಚುವುದನ್ನು 1979ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು. ಈ ಸಲ ರೋಗಿಗಳ ಪಟ್ಟಿ ಮಾಡಿ ವರ್ಷವರ್ಷವೂ ಪರೀಕ್ಷಿಸುವ ಏರ್ಪಾಡು ಇದ್ದುದರಿಂದ ಅಪಾಯ ಐದೇ ವರ್ಷಗಳಲ್ಲಿ ತಿಳಿದುಬಂದಿತು. ಫೌಲರ್ ದ್ರಾವಣದ ಅಪಾಯವನ್ನು ಗುರುತಿಸಲು ಅದು ಪ್ರಚಾರಕ್ಕೆ ಬಂದ ಮೇಲೆ ನೂರು ವರ್ಷ ಬೇಕಾಗಿತ್ತು. ಹಿಂದೆ ಆರ್ಸೆನಿಕ್ ಸೇವಿಸಿದ ಇಲ್ಲವೆ ದೀರ್ಘಕಾಲ ಪುವಾ ಪಡೆದ ರೋಗಿಗಳ ಚರ್ಮವನ್ನು, ಚಿಕಿತ್ಸೆ ಮುಗಿದು ಎಷ್ಟೇ ಕಾಲ ಕಳೆದಿದ್ದರೂ, ಆಗಾಗ ಪರೀಕ್ಷಿಸುತ್ತಿರಬೇಕೆಂಬುದು ಇಂದಿನ ವೈದ್ಯರ ಸಲಹೆ.